ದೊರೆಸಾನಿಯ ಮುಯ್ಯಿ

ಒಂದಿಡೀ ಮಳೆಗಾಲ ನಮ್ಮ ಮೇಸ್ತ್ರಿ ಐರ್ಲೆಂಡ್ ದೇಶಕ್ಕೆ ಒಂದು ದಿನದ ಕೆಲಸ ಬಾಕಿ ಉಳಿಸಿಕೊಂಡಿದ್ದಳು. ಇದನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ, ಆಮೇಲೆ ನನ್ನ ವಯಸ್ಸನ್ನು ನೆನೆದು ಕನಿಕರದಿಂದ ಸುಮ್ಮನಾಗುತ್ತಾರೆ. ಅದಕ್ಕೇ ಬರೆದುಬಿಡುತ್ತೇನೆ. ಬರೆದದ್ದಕ್ಕೆ ವಯಸ್ಸು ಕಾಣುವುದಿಲ್ಲ.

ಮೇಸ್ತ್ರಿ ಎಂದರೆ ಗಾರೆ ಕೆಲಸದ ಮೇಸ್ತ್ರಿಯಲ್ಲ. ರಾಯಲ್ಪಾಡಿನ ಕಡೆಯ ಹೆಂಗಸು, ಐವತ್ತರ ಆಸುಪಾಸು, ದನಿ ಮಾತ್ರ ಇಡೀ ಬಸ್‌ಸ್ಟ್ಯಾಂಡಿಗೆ ಸಾಕಾಗುವಷ್ಟು. ಹಿಂದೆ ಟೊಮ್ಯಾಟೊ ಕೀಳುವ ಹೆಂಗಸರ ಗುಂಪು ಕಟ್ಟಿಕೊಂಡು ತೋಟದಿಂದ ತೋಟಕ್ಕೆ ಹೋಗುತ್ತಿದ್ದಳು. ಆಗ ಬಂದ ಹೆಸರು. ಈಗ ಅದೇ ಗತ್ತಿನಲ್ಲಿ ವಯಸ್ಸಾದವರ ಆರೈಕೆಗೆ ಹೋಗುವ ಹೆಂಗಸರ ಗುಂಪನ್ನು ನಡೆಸುತ್ತಾಳೆ. ಹಾಸಿಗೆ ಹಿಡಿದವರಿಗೆ ಸ್ನಾನ ಮಾಡಿಸುವುದು, ಉಣ್ಣಿಸುವುದು, ಮಾತ್ರೆ ಕೊಡುವುದು, ಎಳೆಬಿಸಿಲಿಗೆ ಎತ್ತಿ ಕೂರಿಸುವುದು ಅವರ ಕೆಲಸ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಕೆಲಸ ಮಾಡುವ ಒಂದು ಸಣ್ಣ ಟ್ರಸ್ಟು ಅವರಿಗೆ ಸಂಬಳ ಕೊಡುತ್ತದೆ. ಟ್ರಸ್ಟಿನ ಆಫೀಸು ಕೋಲಾರದಲ್ಲಿ, ಟೈರ್ ಅಂಗಡಿಯ ಮಹಡಿಯ ಮೇಲೆ. ಅಲ್ಲಿ ನನಗೂ ಒಂದು ಕುರ್ಚಿ ಇದೆ. ರಿಟೈರ್ಡ್ ಇಂಗ್ಲಿಷ್ ಟೀಚರ್ ಎಂದು ಕರೆಸಿಕೊಂಡರು; ಹೊರದೇಶದ ಕಾಗದಗಳಿಗೆ ಉತ್ತರ ಬರೆಯುವುದು, ಯಾರಾದರೂ ಬಂದರೆ ಅವರ ಮಾತನ್ನು ಇವರಿಗೂ ಇವರ ಮಾತನ್ನು ಅವರಿಗೂ ದಾಟಿಸುವುದು ನನ್ನ ಡ್ಯೂಟಿ. ವರ್ಷಗಟ್ಟಲೆ ಯಾರೂ ಬರಲಿಲ್ಲ. ನಾನು ಫ್ಯಾನಿನ ಕೆಳಗೆ ಕೂತು ಕ್ರಾಸ್‌ವರ್ಡ್ ತುಂಬಿಸುತ್ತಿದ್ದೆ.

ಆಮೇಲೆ ದೊರೆಸಾನಿ ಬಂದಳು.

ಅವಳು ಐರ್ಲೆಂಡಿನ ಒಂದು ಸಣ್ಣ ಊರಿನಲ್ಲಿ ಇಂಥದೇ ಸೇವೆ ನಡೆಸುವವಳು. ದಪ್ಪ ಹೆಂಗಸು, ಕೆಂಪು ಕೆನ್ನೆ, ಕಾಲಿಗೆ ಗಂಡಸರ ಶೂಸು. ಮೆಟ್ಟಿಲು ಹತ್ತಿ ಬಂದವಳು ಏದುಸಿರು ಬಿಡುತ್ತಾ, ಕಿಟಕಿಯಾಚೆ ಹನಿಯುತ್ತಿದ್ದ ತುಂತುರು ನೋಡಿ, "ಸಾಫ್ಟ್ ಡೇ, ಥ್ಯಾಂಕ್ ಗಾಡ್" ಅಂದಳು. ನನ್ನ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. ಮೈ ಗುಡ್‌ನೆಸ್! ನಮ್ಮ ಕಾನ್ವೆಂಟಿನಲ್ಲಿ ಜಾಮಿಟ್ರಿ ಕಲಿಸುತ್ತಿದ್ದ ಐರಿಷ್ ಸಿಸ್ಟರ್, ಮಳೆ ಹನಿದಾಗಲೆಲ್ಲಾ ಕಿಟಕಿಯ ಹತ್ತಿರ ನಿಂತು ಹೇಳುತ್ತಿದ್ದದ್ದು ಇದೇ ಮಾತು, ಇದೇ ರಾಗ. ಆಕೆ ಮಣ್ಣಿಗೆ ಸೇರಿ ಎಷ್ಟೋ ಕಾಲವಾಯಿತು. ನಾನೂ ಎರಡು ಜಡೆಯ ಹುಡುಗಿಯಾಗಿ ಉಳಿದಿಲ್ಲ. ಆದರೂ ಎದ್ದು ನಿಂತು "ಗುಡ್ ಮಾರ್ನಿಂಗ್, ಸಿಸ್ಟರ್" ಅನ್ನುವಷ್ಟರಲ್ಲಿ ನಾಲಿಗೆ ಕಚ್ಚಿಕೊಂಡೆ. ಅವತ್ತಿನಿಂದ ನನ್ನ ತಲೆ ಸ್ವಲ್ಪ ತಿರುಗುತ್ತಲೇ ಇತ್ತು. ಬಿ.ಪಿ. ಅಲ್ಲ, ಸಂತೋಷ.

ಅವಳು ಬಂದ ಕಾರಣ ಗೋಡೆಯ ಮೇಲಿನ ಬ್ಯಾನರಿನಲ್ಲಿ ಇತ್ತು. ನಮ್ಮ ಸೆಕ್ರೆಟರಿ, ಬೆಲ್ಟಿಗೆ ಮೊಬೈಲ್ ಪೌಚು ಸಿಕ್ಕಿಸಿಕೊಳ್ಳುವ ರಿಟೈರ್ಡ್ ಬ್ಯಾಂಕ್ ಮ್ಯಾನೇಜರು, ಅದರಲ್ಲಿ "ಇಂಟರ್‌ನ್ಯಾಷನಲ್ ಎಕ್ಸ್‌ಚೇಂಜ್" ಎಂದು ಶುರುವಾಗಿ ಗೋಡೆ ಮುಗಿಯುವ ತನಕ ಬರೆಸಿದ್ದರು. ಸಾರಾಂಶ ಇಷ್ಟೆ. ಅವಳ ಊರಿನಲ್ಲಿ ಮುದುಕರ ಆರೈಕೆಗೆ ಜನ ಸಿಗುವುದಿಲ್ಲ, ಸಿಕ್ಕವರು ನಿಲ್ಲುವುದಿಲ್ಲ. ನಮ್ಮ ಮೇಸ್ತ್ರಿಯ ಗುಂಪಿನಿಂದ ಮಾತ್ರ ಇಷ್ಟು ವರ್ಷದಲ್ಲಿ ಒಬ್ಬಳೂ ಕೆಲಸ ಬಿಟ್ಟಿಲ್ಲ. ಹೇಗೆ?

ಅವಳನ್ನು ಜೀಪು ಹತ್ತಿಸಿಕೊಂಡು ಶ್ರೀನಿವಾಸಪುರ ದಾಟಿ ಮೇಸ್ತ್ರಿಯ ಊರಿಗೆ ಹೋದೆವು. ಅವಳು ಮನೆ ಮುಂದಿನ ಕಲ್ಲಿನ ಮೇಲೆ ಕೂತು ಗುಂಪಿನ ಹೆಂಗಸರಿಗೆ ದಿನದ ಕೆಲಸ ಹಂಚುತ್ತಿದ್ದಳು. ನಾನು ದೊರೆಸಾನಿಯ ಪ್ರಶ್ನೆಯನ್ನು ದಾಟಿಸಿದೆ.

"ನಿಮ್ಮ ಕೆಲಸದವರನ್ನ ಹೇಗೆ ಹಿಡಿದಿಟ್ಟುಕೊಂಡಿದ್ದೀರಿ ಅಂತ ಕೇಳ್ತಿದ್ದಾರೆ."

"ನಾನೆಲ್ಲಿ ಹಿಡ್ಕೊಂಡಿದೀನಿ ಟೀಚರಮ್ಮಾ? ನೀವೇ ನೋಡಿ, ಹಗ್ಗ ಅದಾ? ಕಣ್ಣಿ ಅದಾ?"

"ಅಲ್ಲ ಕಣೇ, ಯಾಕೆ ಯಾರೂ ಬಿಟ್ಟು ಹೋಗಲ್ಲ ಅಂತ."

"ಬಿಟ್ಟೋದ್ರೆ ಅವ್ರತ್ತೆ ಕಾಲು ಒತ್ತೋರು ಯಾರು?"

ಹೆಂಗಸರೆಲ್ಲಾ ನಕ್ಕರು. ದೊರೆಸಾನಿ ನನ್ನ ಮುಖ ನೋಡಿದಳು. ನಾನು ಬಿಡಿಸಿ ಹೇಳಬೇಕಾಯಿತು. ನಮ್ಮ ಕಡೆ ರಾಗಿ ಹೊಲದಲ್ಲಿ ಕಳೆ ಕೀಳುವಾಗ ಮುಯ್ಯಾಳು ಎಂಬ ಪದ್ಧತಿ ಇದೆ. ಇವತ್ತು ನಾನು ನಿನ್ನ ಹೊಲಕ್ಕೆ ಬಂದು ಬಗ್ಗಿದರೆ, ನಾಳೆ ನೀನು ನನ್ನ ಹೊಲಕ್ಕೆ ಬಂದು ಬಗ್ಗಬೇಕು. ಕೂಲಿಯ ಮಾತಿಲ್ಲ. ಮೇಸ್ತ್ರಿ ಇದನ್ನೇ ತಂದು ಆರೈಕೆಯ ಕೆಲಸಕ್ಕೆ ಜೋಡಿಸಿದ್ದಳು. ಸಂಬಳದ ಕೆಲಸ ಸಂಬಳಕ್ಕೆ. ಅದರ ಜೊತೆಗೆ, ಒಬ್ಬಳು ಪಕ್ಕದೂರಿನ ಅಜ್ಜಿಯನ್ನು ನೋಡಿಕೊಳ್ಳಲು ಹೋದಾಗ ಅವಳ ಮನೆಯ ಅತ್ತೆಯನ್ನು ಗುಂಪಿನ ಇನ್ನೊಬ್ಬಳು ನೋಡಿಕೊಳ್ಳುತ್ತಾಳೆ, ಆ ಇನ್ನೊಬ್ಬಳ ಅಪ್ಪನನ್ನು ಮತ್ತೊಬ್ಬಳು. ಯಾರು ಯಾರಿಗೆ ಎಷ್ಟು ಬಾಕಿ ಎಂಬುದು ಮೇಸ್ತ್ರಿಯ ತಲೆಯಲ್ಲಿ. ಗುಂಪು ಬಿಟ್ಟರೆ ಸಂಬಳ ಹೋಗುವುದು ಹಾಗಿರಲಿ, ಮನೆಯ ಮುದುಕಿಯ ತಲೆಗೆ ನೀರು ಹಾಕುವವರು ಯಾರು?

ದೊರೆಸಾನಿ ಕೇಳುತ್ತಾ ಕೇಳುತ್ತಾ ತಲೆಯಾಡಿಸುವುದನ್ನೇ ಬಿಟ್ಟಳು. "ನಮ್ಮಲ್ಲಿ ಕೆಲಸದವರಿಗೂ ಅಮ್ಮ ಇರುತ್ತಾಳೆ ಅನ್ನುವುದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ" ಅಂದಳು. ಅಷ್ಟರಲ್ಲಿ ಒಬ್ಬಳು ಓಡಿ ಬಂದು, ಗುಂಪಿನ ಹೆಂಗಸೊಬ್ಬಳ ಮಗಳಿಗೆ ಮುಳಬಾಗಿಲಿನ ಆಸ್ಪತ್ರೆಯಲ್ಲಿ ಹೆರಿಗೆ ನೋವು ಶುರುವಾಗಿದೆ, ತಾಯಿ ಬಸ್ಸು ಹತ್ತಿದಳು ಎಂದು ಸುದ್ದಿ ಹೇಳಿದಳು. ಆ ಹೆಂಗಸು ಅವತ್ತು ನೋಡಿಕೊಳ್ಳಬೇಕಾಗಿದ್ದದ್ದು ಬೇರೆ ಯಾರನ್ನೂ ಅಲ್ಲ, ಮೇಸ್ತ್ರಿಯ ಸ್ವಂತ ಅತ್ತೆಯನ್ನು. ಸೊಂಟ ಬಿದ್ದು ಮಲಗಿದ್ದ ಮುದುಕಿ. ಆಡುವುದೆಲ್ಲಾ ತೆಲುಗು, ಅದರಲ್ಲೂ ಮುಕ್ಕಾಲು ಪಾಲು ಬೈಗುಳ.

"ನಾನು ನೋಡಿಕೊಳ್ಳುತ್ತೇನೆ" ಅಂದಳು ದೊರೆಸಾನಿ. ಅಂಗಿಯ ತೋಳು ಮಡಚಿಯೇ ಬಿಟ್ಟಳು.

ಸೆಕ್ರೆಟರಿ "ಮೇಡಂ, ಮೇಡಂ, ಲಂಚ್ ಅರೇಂಜ್ ಆಗಿದೆ" ಎಂದು ಹಿಂದೆ ಹಿಂದೆ ಓಡಿದರು. ಅವಳು ಕೇಳಲಿಲ್ಲ. ಸಂಜೆಯವರೆಗೆ ಆ ಮನೆಯಲ್ಲಿ ದುಡಿದಳು. ಮುದುಕಿಯನ್ನು ಮಗ್ಗುಲಿಗೆ ಹೊರಳಿಸಿ, ಹಾಸಿಗೆ ಬದಲಾಯಿಸಿ, ಬೆನ್ನು ಒರೆಸಿ, ತಲೆ ಬಾಚಿ, ಹೇನು ಕೂಡಾ ತೆಗೆದಳು. ನಾನು ಬಾಗಿಲಲ್ಲಿ ನಿಂತು ಬೈಗುಳಗಳನ್ನು ಆದಷ್ಟು ಸೋಸಿ ಇಂಗ್ಲಿಷಿಗೆ ದಾಟಿಸುತ್ತಿದ್ದೆ. "ಎವರೇ ಈ ಎರ್ರಮುಖಂದಿ?", ಯಾರೇ ಈ ಕೆಂಪು ಮುಖದೋಳು, ಎಂದು ಶುರು ಮಾಡಿದ ಮುದುಕಿ, ಹೊತ್ತು ಇಳಿಯುವಾಗ ಕಣ್ಣು ಮುಚ್ಚಿಕೊಂಡು "ಚೆಯ್ಯಿ ಮೆತ್ತಗುಂದಮ್ಮಾ" ಅಂದಳು. ಕೈ ಮೆತ್ತಗಿದೆಯಂತೆ! ತನ್ನ ಸೊಸೆಗೆ ಆ ಮಾತನ್ನು ಅವಳು ಯಾವತ್ತೂ ಹೇಳಿರಲಿಲ್ಲ ಎಂಬುದು ಮೇಸ್ತ್ರಿಯ ಮುಖದಲ್ಲೇ ಗೊತ್ತಾಗುತ್ತಿತ್ತು.

ಎರಡು ದಿನಕ್ಕೆ ದೊರೆಸಾನಿ ವಿಮಾನ ಹತ್ತಿ ಹೋದಳು. ಮುಂದಿನ ವಾರ ಮೇಸ್ತ್ರಿ ಆಫೀಸಿಗೆ ಬಂದು, ನನ್ನ ಮೇಜಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಟೀಚರಮ್ಮಾ, ಐರ್ಲೆಂಡಿಗೆ ಬಸ್ಸು ಎಲ್ಲಿಂದ?"

"ಬಸ್ಸಾ? ಅಲ್ಲಿಗೆ ಯಾಕೆ ಕಣೇ?"

"ಮುಯ್ಯಿ ತೀರಿಸ್ಬೇಕು. ಆಯಮ್ಮ ನಮ್ಮನೇಲಿ ಒಂದು ದಿನ ದುಡ್ದು ಹೋದ್ಲು. ನಾನು ಹೋಗಿ ಅವ್ರ ಮನೇಲಿ ಒಂದು ದಿನ ದುಡೀಬೇಕಾ ಬೇಡ್ವಾ?"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ನಗಲಿಲ್ಲ. ನಾನು ಬ್ಯಾನರು ತೋರಿಸಿ ಪಾಠ ಮಾಡಿದೆ. ಇದು ಎಕ್ಸ್‌ಚೇಂಜೇ ನಿಜ, ಆದರೆ ಐಡಿಯಾಗಳದ್ದು. ನಮ್ಮ ಪದ್ಧತಿ ಅವರು ಕಲಿತರು, ಅವರದ್ದು ನಾವು ಕಲಿತೆವು, ಅಲ್ಲಿಗೆ ಸಮ.

"ಐಡಿಯಾ ನಮ್ಮತ್ತೆ ಬೆನ್ನು ಒರೆಸ್ತಾ?" ಅಂದಳು ಮೇಸ್ತ್ರಿ. "ದುಡ್ಡಿನ ಸಾಲ ಆದ್ರೆ ಸರ್ಕಾರ ಮನ್ನಾ ಮಾಡ್ತದೆ. ಮುಯ್ಯಿ ಮನ್ನಾ ಮಾಡೋರು ಯಾರು? ನಮ್ಮಪ್ಪ ಸತ್ತಾಗ ಪಕ್ಕದ ಹೊಲದೋರಿಗೆ ಒಂದು ದಿನದ ಉಳುಮೆ ಬಾಕಿ ಇತ್ತು. ತಿಥಿ ಮುಗಿಸ್ಕೊಂಡು ನಮ್ಮಮ್ಮ ಹೋಗಿ ಅವ್ರ ಹೊಲದಲ್ಲಿ ಕಳೆ ಕಿತ್ತು ಬಂದ್ಲು. ನಾನು ಎಲ್ರಿಗೂ ಬಾಕಿ ತೀರ್ಸ್ರೀ ತೀರ್ಸ್ರೀ ಅಂತ ಬಾಯಿ ಮಾಡೋಳು. ನಾನೇ ಉಳಿಸ್ಕೊಂಡ್ರೆ ಇವ್ರು ನನ್ನ ಮಾತು ಕೇಳ್ತಾರಾ?"

ಅದು ಸುಳ್ಳಲ್ಲ. ಆಗಲೇ ಗುಂಪಿನಲ್ಲಿ ತಮಾಷೆ ಶುರುವಾಗಿತ್ತಂತೆ. ಮೇಸ್ತ್ರಿ ಯಾರಿಗಾದರೂ ಗದರಿಸಿದರೆ ಸಾಕು, "ಮೊದ್ಲು ನಿನ್ನ ಐರ್ಲೆಂಡ್ ಬಾಕಿ ನೋಡ್ಕೋ ಹೋಗಕ್ಕಾ" ಎಂದು ಹಿಂದಿನಿಂದ ಒಂದು ದನಿ ಬರುತ್ತಿತ್ತು. ಎರಡು ಸಲ ಯಾರೋ ಬೇಕೆಂತಲೇ ಸರದಿ ತಪ್ಪಿಸಿದ್ದರು. ಅವಳ ಗುಂಪು ನಿಂತಿದ್ದದ್ದೇ ಅವಳ ಮಾತಿನ ಮೇಲೆ. ಆ ಮಾತಿನ ತೂಕ ಕಡಿಮೆಯಾಗುತ್ತಿತ್ತು. ಅವಳ ಮುಖ ಮಳೆಗಾಲವಿಡೀ ಬಾಡಿಕೊಂಡೇ ಇತ್ತು. ನಾನಾದರೂ ಏನು ಮಾಡಲಿ? ಅವಳಿಗೆ ಪಾಸ್‌ಪೋರ್ಟಿಲ್ಲ, ಟ್ರಸ್ಟಿಗೆ ಟಿಕೆಟಿನ ಶಕ್ತಿಯಿಲ್ಲ.

ಚಳಿಗಾಲದ ಮೊದಲಲ್ಲಿ ದೊರೆಸಾನಿ ಮತ್ತೆ ಬರುವುದೆಂದು ತೀರ್ಮಾನವಾಯಿತು. ಕೋಲಾರದಲ್ಲಿ ನಾಲ್ಕೂ ತಾಲ್ಲೂಕಿನವರನ್ನೆಲ್ಲಾ ಸೇರಿಸಿ ಒಂದು ದೊಡ್ಡ ವರ್ಕ್‌ಶಾಪು. ಸೆಕ್ರೆಟರಿ ಹೊಸ ಬ್ಯಾನರಿಗೆ ಅಳತೆ ತೆಗೆದುಕೊಳ್ಳುತ್ತಿದ್ದ ದಿನವೇ ಅವಳಿಂದ ವಿಡಿಯೋ ಕಾಲ್ ಬಂತು. ಮೇಸ್ತ್ರಿಯೂ ಅವತ್ತು ಆಫೀಸಿನಲ್ಲಿದ್ದಳು.

ದೊರೆಸಾನಿಯ ಕೆನ್ನೆಯ ಕೆಂಪು ಇಳಿದಿತ್ತು. "ಸಾರಿ, ನಾನು ಬರಲಾಗುವುದಿಲ್ಲ. ನಮ್ಮಮ್ಮನನ್ನು ನೋಡಿಕೊಳ್ಳುತ್ತಿದ್ದವಳು ಕೆಲಸ ಬಿಟ್ಟಳು. ಬೇರೆ ಯಾರೂ ಸಿಗುತ್ತಿಲ್ಲ. ಊರಿಗೆಲ್ಲಾ ಜನ ಹೊಂದಿಸಿಕೊಡುವವಳು ನಾನು, ನನ್ನ ಮನೆಗೇ ಒಬ್ಬರಿಲ್ಲ" ಎಂದು ನಗಲು ನೋಡಿದಳು.

"ಏನಂತೆ?" ಎಂದು ಮೇಸ್ತ್ರಿ ನನ್ನ ಮೊಣಕೈ ತಿವಿದಳು. ಹೇಳಿದೆ. ಹೇಳಿ ಮುಗಿಸುವ ಮೊದಲೇ ಫೋನು ನನ್ನ ಕೈಯಲ್ಲಿರಲಿಲ್ಲ.

"ಕರ್ಕೊಂಡು ಬಾರಮ್ಮಾ!" ಎಂದು ಮೇಸ್ತ್ರಿ ಫೋನಿಗೆ ಕೂಗಿದ ದನಿಗೆ ಕೆಳಗಿನ ಟೈರ್ ಅಂಗಡಿಯವನು ಹೊರಗೆ ಬಂದು ಮೇಲೆ ನೋಡಿದನಂತೆ. "ಅಮ್ಮನ್ನ ಕರ್ಕೊಂಡು ಬಾ! ನಾವಿಲ್ವಾ? ನಾನಿಲ್ವಾ? ಟೀಚರಮ್ಮಾ, ಹೇಳ್ರಮ್ಮಾ ಇಂಗ್ಲಿಷಲ್ಲಿ, ಬೇಗ!"

ಹೇಳಿದೆ. ಆ ಕಡೆ ದೊರೆಸಾನಿಯ ಹಿಂದಿನಿಂದ ಒಂದು ಮುದಿ ದನಿ, "ಹೂ ಈಸ್ ಶೌಟಿಂಗ್?" ಎಂದು ಕೇಳಿತು. ಅದೇ ನಮ್ಮ ಸಿಸ್ಟರುಗಳ ರಾಗ, ಆದರೆ ಇನ್ನೂ ಹಳೆಯದು, ಇನ್ನೂ ಒರಟು. "ನಮ್ಮ ಮನೆಯಲ್ಲೇ ಇರಲಿ" ಎಂದುಬಿಟ್ಟೆ. "ನಮ್ಮದು ಗ್ರೌಂಡ್ ಫ್ಲೋರು. ವೆಸ್ಟರ್ನ್ ಕಮೋಡ್ ಇದೆ!" ಕಮೋಡಿನ ವಿಷಯವನ್ನು ಖಂಡಾಂತರಕ್ಕೆ ಕೇಳುವಂತೆ ಕೂಗಿದ ಮೇಲೆ ನಾಚಿಕೆಯಾಯಿತು.

ಅವರು ಬಂದರು. ತಾಯಿ ವೀಲ್‌ಚೇರಿನಲ್ಲಿ. ಗರಿ ಉದುರಿದ ಹಕ್ಕಿಯ ಹಾಗೆ ಹಗುರ, ಬೆನ್ನು ಮಾತ್ರ ಸ್ಕೇಲಿನ ಹಾಗೆ ನೆಟ್ಟಗೆ. ದೊಡ್ಡ ದೊರೆಸಾನಿ ಎಂದು ಹೆಂಗಸರು ಹೆಸರಿಟ್ಟರು. ಸೊಂಟ ಮುರಿದು ಕೂಡಿದೆ, ಕೈ ನಡುಗುತ್ತದೆ, ನೆನಪು ಮಾತ್ರ ಚೂರಿ. ನಾನು ಯಾವ ಸಿಸ್ಟರುಗಳ ಕೈಯಲ್ಲಿ ಓದಿದೆ ಎಂದು ಕೇಳಿ, "ಪಾಪ, ನಿನಗೂ ಪೆಟ್ಟು ಕೊಡುತ್ತಿದ್ದರೇ?" ಅಂದಳು. ಇಬ್ಬರೂ ಬೆರಳ ಗೆಣ್ಣು ತೋರಿಸಿಕೊಂಡು ನಕ್ಕೆವು. ಮಧ್ಯಾಹ್ನವೆಲ್ಲಾ ಅವಳ ಮಾತು ಕೇಳುತ್ತಾ ಕೂರುವುದೇ ನನಗೊಂದು ಹಬ್ಬವಾಯಿತು.

ಮೇಸ್ತ್ರಿ ಮೊದಲ ದಿನವೇ ಬೆಳಗಿನ ಮೊದಲ ಬಸ್ಸಿಗೆ ಬಂದಿಳಿದಳು. ಕೈಯಲ್ಲಿ ಸೀಗೆಪುಡಿ, ಹರಳೆಣ್ಣೆ, ಮಾಸಲು ಟವೆಲು. "ಮಗ್ಳು ನಮ್ಮತ್ತೇನ ನೋಡ್ಕೊಂಡ್ಲು, ನಾನು ಅವ್ಳ ಅಮ್ಮನ್ನ ನೋಡ್ಕೊಂತೀನಿ. ಇವತ್ತೇ ಮುಗಿಸ್ಬಿಡ್ತೀನಿ" ಅಂದಳು. ಬಕೆಟ್ಟಿಗೆ ಬಿಸಿನೀರು ತುಂಬಿ, ಬಾಗಿಲಲ್ಲಿ ನಿಂತು, ತೋಳು ಚಾಚಿ, "ರಾಮ್ಮಾ, ಬಾರಮ್ಮಾ" ಎಂದು ಕರೆದಳು.

"ನೋ, ಥ್ಯಾಂಕ್ ಯೂ, ಡಿಯರ್" ಅಂದಳು ದೊಡ್ಡ ದೊರೆಸಾನಿ.

ಇದು ನಮಗ್ಯಾರಿಗೂ ಹೊಳೆದಿರಲಿಲ್ಲ. ಮುದುಕಿ ಮಗಳನ್ನು ಬಿಟ್ಟು ಬೇರೆ ಯಾರನ್ನೂ ಮೈ ಮುಟ್ಟಲು ಬಿಡುವುದಿಲ್ಲ. ಹಿಂದಿನ ಕೆಲಸದವಳು ಬಿಟ್ಟುಹೋದದ್ದಕ್ಕೂ ಅದೇ ಕಾರಣವಂತೆ. "ಬಿಟ್ಟಿ ಉಪಕಾರ ನನಗೆ ಆಗಿಬರುವುದಿಲ್ಲ" ಎಂದು ನನಗೆ ಹೇಳಿದಳು. ಮಗಳು ಪಾಪ, ಮೀಟಿಂಗಿನ ಮಧ್ಯೆ ಆಟೋ ಹಿಡಿದು ಓಡಿ ಬಂದು, ಅಮ್ಮನ ಕೆಲಸ ಮುಗಿಸಿ, ಮತ್ತೆ ಓಡುತ್ತಿದ್ದಳು. ಅವಳ ಕಣ್ಣಿನ ಕೆಳಗೆ ಕಪ್ಪು ಚಂದ್ರ.

ಮರುದಿನವೂ "ನೋ, ಥ್ಯಾಂಕ್ ಯೂ, ಡಿಯರ್." ಅದರ ಮರುದಿನವೂ. ಸುದ್ದಿ ಹಬ್ಬಿ ಬೇರೆ ತಾಲ್ಲೂಕಿನ ಹೆಂಗಸರು ಬಂದು ಕೈಚಳಕ ತೋರಿಸಲು ನೋಡಿದರು. ಮುಳಬಾಗಿಲಿನವಳು ತೆಳ್ಳನೆ ದೋಸೆ ಹಾಕಿಕೊಟ್ಟು ಪುಸಲಾಯಿಸಿದಳು. ದೋಸೆ ಹೋಯಿತು, ಸ್ನಾನ ಆಗಲಿಲ್ಲ. ಮಾಲೂರಿನವಳು ಸೋಬಾನೆ ಹಾಡಿದಳು. ಮುದುಕಿ ಚಪ್ಪಾಳೆ ತಟ್ಟಿ "ಲವ್ಲಿ" ಎಂದು ಹೇಳಿ ಶಾಲು ಬಿಗಿ ಮಾಡಿಕೊಂಡಳು. ಮೇಸ್ತ್ರಿ ಹೊಸ್ತಿಲ ಮೇಲೆ ಕೂತು, ಆರಿದ ಬಕೆಟ್ಟನ್ನು ದಿಟ್ಟಿಸುತ್ತಾ, "ಬಾಕಿ ಮನೆ ಬಾಗ್ಲಿಗೇ ಬಂದು ಕೂತ್ರೂ ತೀರಿಸಕ್ಕಾಗ್ತಿಲ್ವಲ್ಲಾ ಟೀಚರಮ್ಮಾ" ಅಂದಳು. ಅವರು ಹೊರಡುವ ದಿನ ಹತ್ತಿರ ಬರುತ್ತಿತ್ತು. ವರ್ಕ್‌ಶಾಪು ಇನ್ನೆರಡೇ ದಿನ ದೂರ. ಅಂದು ಇಡೀ ಬೆಳಿಗ್ಗೆ ಮಗಳು ಮೀಟಿಂಗ್ ಹಾಲಿನಲ್ಲಿ ಕೂರಲೇಬೇಕು. ಅಮ್ಮನನ್ನು ಬಿಟ್ಟು ಹೇಗೆ?

ವರ್ಕ್‌ಶಾಪಿನ ಹಿಂದಿನ ದಿನ ನಮ್ಮ ಮನೆಯಲ್ಲಿ ಅತಿಥಿಗಳಿಗೆ ಹಿತಕವರೆ ಸಾರು ಎಂದು ಹೆಂಗಸರು ತೀರ್ಮಾನಿಸಿದರು. ಸೊಗಡಿನ ಅವರೆಯ ಕಾಲ. ಹೋಳೂರಿನಿಂದ ಒಂದು ಮೂಟೆ ಬಂತು. ಕಾಯಿ ಸುಲಿದು, ಕಾಳು ನೆನೆಹಾಕಿ, ನಡುಮನೆಯಲ್ಲಿ ಚಾಪೆ ಹಾಸಿ ಸುತ್ತ ಕೂತೆವು. ಈ ಕೆಲಸ ಗೊತ್ತಿದ್ದವರಿಗೆ ಗೊತ್ತು: ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳಿನ ಮಧ್ಯೆ ಹಿಡಿದು ಹಿಸುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಒಳಗಿನ ಬೇಳೆ ಸುಯ್ಯೆಂದು ಹಾರುತ್ತದೆ. ಪಾತ್ರೆಗೆ ಹಾರಿದರೆ ಸರಿ. ಇಲ್ಲದಿದ್ದರೆ ಮಂಚದ ಕೆಳಗೆ, ಕಿಟಕಿಯಾಚೆ, ಎದುರಿನವಳ ಕುಪ್ಪಸದೊಳಗೆ. ಮಾತು, ಗೇಲಿ, ಕಿಸಕಿಸ.

ದೊಡ್ಡ ದೊರೆಸಾನಿ ವೀಲ್‌ಚೇರಿನಲ್ಲಿ ಕೂತು ನೋಡುತ್ತಿದ್ದಳು. ಒಂದು ಬೇಳೆ ಹಾರಿ ಅವಳ ಟೀ ಕಪ್ಪಿಗೆ ಬಿತ್ತು. ಎಲ್ಲರೂ ಕೈ ನಿಲ್ಲಿಸಿದೆವು. ಅವಳು ಚಮಚದಲ್ಲಿ ಅದನ್ನು ತೆಗೆದು ಪರೀಕ್ಷಿಸಿದಳು. "ಗಿವ್ ಮಿ ಸಮ್" ಎಂದು ಅಂಗೈ ಚಾಚಿದಳು. ಅವಳ ಮೊದಲ ಬೇಳೆ ನೆಟ್ಟಗೆ ಹೋಗಿ ಬಾಗಿಲಲ್ಲಿ ನಿಂತಿದ್ದ ಸೆಕ್ರೆಟರಿಯ ಕನ್ನಡಕಕ್ಕೆ ಟಪ್ಪೆಂದು ಬಡಿಯಿತು. ಅಯ್ಯೋ, ಆ ನಗು! ಮೇಸ್ತ್ರಿ ಚಾಪೆಯ ಮೇಲೆ ಉರುಳಿಯೇ ಬಿಟ್ಟಳು. ಸೆಕ್ರೆಟರಿ, "ಪರ್ವಾಗಿಲ್ಲ ಮೇಡಂ, ಪ್ಲೀಸ್ ಕಂಟಿನ್ಯೂ" ಎಂದು ಕನ್ನಡಕ ಒರೆಸಿಕೊಂಡರು. ಮುದುಕಿ ಕಂಟಿನ್ಯೂ ಮಾಡಿದಳು. ನಡುಗುವ ಬೆರಳಿಗೆ ಆ ಕೆಲಸ ಹೇಗೋ ಒಗ್ಗಿತು. ಅರ್ಧಕ್ಕರ್ಧ ಬೇಳೆ ನಡುಕಕ್ಕೇ ಸಿಪ್ಪೆಯಿಂದ ಜಾರಿ ಬೀಳುತ್ತಿತ್ತು. ಮಡಿಲಲ್ಲಿ ಬೋಗುಣಿ ಇಟ್ಟುಕೊಂಡು, ನಾವು ಸಾಕು ಅಂದರೂ ಬಿಡದೆ, ಪಾತ್ರೆ ಬರಿದಾಗುವ ತನಕ ಹಿಸುಕಿದಳು.

ಮೇಸ್ತ್ರಿ ನಗು ನಿಲ್ಲಿಸಿ ಆ ಬೋಗುಣಿಯನ್ನೇ ನೋಡುತ್ತಿದ್ದಳು. ಮೆಲ್ಲಗೆ ನನ್ನ ಪಕ್ಕಕ್ಕೆ ಜರುಗಿದಳು.

"ಟೀಚರಮ್ಮಾ, ಅವ್ರಿಗೆ ಹೇಳಿ. ಇವತ್ತು ಅವ್ರು ನಮ್ಮ ಕೆಲ್ಸ ಮಾಡವ್ರೆ. ಇಷ್ಟು ಹೊತ್ತು ಕೂತು ಮಾಡವ್ರೆ. ಈಗ ನಾನು ಅವ್ರಿಗೆ ಬಾಕಿ. ನಾನು ಅವ್ರ ಕೆಲ್ಸ ಮಾಡ್ದೆ ಹೋದ್ರೆ ನಂಗೆ ಅವಮಾನ. ಉಪಕಾರ ಅಲ್ಲ, ಅವಮಾನ."

ನಾನು ಹೇಳಿದೆ. ಮುಯ್ಯಾಳಿನ ವಿಷಯ, ರಾಗಿ ಹೊಲದ ವಿಷಯ, ಮಗಳ ಒಂದು ದಿನದ ವಿಷಯ, ಮಳೆಗಾಲವಿಡೀ ಈ ಹೆಂಗಸು ತಿಂದ ಮಾತುಗಳ ವಿಷಯ, ಎಲ್ಲಾ. ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಟ್ರಾನ್ಸ್‌ಲೇಟ್ ಮಾಡಿದ್ದಿಲ್ಲ.

"ಇದನ್ನು ಮೊದಲ ದಿನವೇ ಯಾಕೆ ಯಾರೂ ಹೇಳಲಿಲ್ಲ?" ಅಂದಳು ಮುದುಕಿ. "ನಮ್ಮಲ್ಲಿ ಹುಲ್ಲು ಒಣಗಿಸುವಾಗ ಹೀಗೇ ಇತ್ತು. ನಮ್ಮಪ್ಪ ಒಬ್ಬ ನೆರೆಯವನಿಗೆ ಬಾಕಿ ಉಳಿಸಿಕೊಂಡು, ಚರ್ಚಿನಲ್ಲಿ ಅವನ ಹಿಂದಿನ ಬೆಂಚಿನಲ್ಲಿ ಕೂರಲು ನಾಚುತ್ತಿದ್ದ." ಬೋಗುಣಿಯನ್ನು ನನ್ನ ಕೈಗಿಟ್ಟು ಮೇಸ್ತ್ರಿಯ ಕಡೆ ತಿರುಗಿದಳು. "ವೆಲ್? ಈಸ್ ದ ವಾಟರ್ ಹಾಟ್?"

ಇದಕ್ಕೆ ಟ್ರಾನ್ಸ್‌ಲೇಶನ್ ಬೇಕಾಗಲಿಲ್ಲ. ಮೇಸ್ತ್ರಿ ಬಕೆಟ್ಟು ಎತ್ತಿಕೊಂಡು ಓಡಿದಳು.

ಬಚ್ಚಲಿನಿಂದ ನೀರಿನ ಸದ್ದು, ಸೀಗೆಯ ಗಮಲು, ಆಮೇಲೆ ಎರಡು ಭಾಷೆಯ ನಗು. ಒಬ್ಬಳು ತೆಲುಗಿನಲ್ಲಿ ಬೆನ್ನು ಬಗ್ಗಿಸು ಅಂದರೆ ಇನ್ನೊಬ್ಬಳು ಇಂಗ್ಲಿಷಿನಲ್ಲಿ ಸೋಪು ಕಣ್ಣಿಗೆ ಹೋಯಿತು ಅನ್ನುತ್ತಿದ್ದಳು. ಮಗಳು ಆಟೋ ಇಳಿದು ಓಡಿ ಬಂದವಳು ಬಚ್ಚಲ ಬಾಗಿಲಿನ ಮುಂದೆ ನಿಂತು, ಒಳಗಿನ ಸದ್ದು ಕೇಳಿ, ಅಲ್ಲೇ ಗೋಡೆಗೆ ಒರಗಿದಳು. ಮೇಸ್ತ್ರಿ ಸೆರಗು ಹಿಂಡಿಕೊಳ್ಳುತ್ತಾ ಹೊರಗೆ ಬಂದಾಗ ನಾನು ಸಡಗರದಿಂದ, "ತೀರಿತಲ್ಲಾ ಕಣೇ ನಿನ್ನ ಮುಯ್ಯಿ!" ಅಂದೆ.

"ಎಲ್ಲಿ ತೀರ್ತು? ಇದು ಅವರೇಕಾಯಿಗೆ. ಮಗ್ಳ ಒಂದು ದಿನ ಹಂಗೇ ಅದೆ. ನಾಳೆ ಬೆಳಿಗ್ಗೆಯಿಂದ ಸಂಜೆ ತನ್ಕ ನಾನೇ."

ಹಾಗೆ ವರ್ಕ್‌ಶಾಪಿನ ದಿನ ಮೇಸ್ತ್ರಿ ನಮ್ಮ ಮನೆಯಲ್ಲಿ ಉಳಿದಳು, ನಾನೂ ದೊರೆಸಾನಿಯೂ ಮೀಟಿಂಗ್ ಹಾಲಿಗೆ ಹೋದೆವು. ಹೊಸ ಬ್ಯಾನರು ಹಳೆಯದಕ್ಕಿಂತ ಉದ್ದ. ಮಾಲೂರಿನ ಮೇಲ್ವಿಚಾರಕಿ ವರದಿ ಓದಲು ಎದ್ದಳು. ನಾನು ದೊರೆಸಾನಿಯ ಕಿವಿಯಲ್ಲಿ ಒಂದೊಂದೇ ವಾಕ್ಯ ದಾಟಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಆ ಕಿವಿ ನನ್ನ ಭುಜದ ಮೇಲೆ ಬಂತು. ಮುಂದಿನ ಸಾಲಿನಲ್ಲಿ, ಎಲ್ಲರ ಎದುರಿಗೆ, ಚೀಫ್ ಗೆಸ್ಟ್ ನಿದ್ದೆಹೋಗಿದ್ದಳು. ಸೆಕ್ರೆಟರಿ ಕಣ್ಸನ್ನೆಯಲ್ಲಿ ಎಬ್ಬಿಸಿ, ಎಬ್ಬಿಸಿ ಎಂದರು. ನಾನು ತುಟಿಗೆ ಬೆರಳಿಟ್ಟೆ.

ಮಾಲೂರಿನವಳು ಅರ್ಥ ಮಾಡಿಕೊಂಡಳು. ಮೈಕು ಪಕ್ಕಕ್ಕೆ ಸರಿಸಿ ಪಿಸುದನಿಯಲ್ಲಿ ಓದತೊಡಗಿದಳು. ಮುಳಬಾಗಿಲಿನವಳು ಪಿಸುದನಿಯಲ್ಲಿ ಪ್ರಶ್ನೆ ಕೇಳಿದಳು. ಸುಗಟೂರಿನ ಕಡೆಯವಳು ಇನ್ನೂ ಮೆಲ್ಲಗೆ ಉತ್ತರ ಕೊಟ್ಟಳು. ಹಾಲಿನ ತುಂಬಾ ಹೆಂಗಸರು ಮುಂದಕ್ಕೆ ಬಾಗಿ, ಕಿವಿಗೆ ಕೈಹಚ್ಚಿ, ತಮ್ಮ ತಮ್ಮ ಗುಡ್ ಪ್ರಾಕ್ಟೀಸುಗಳನ್ನು ಒಬ್ಬರಿಗೊಬ್ಬರು ಗುಟ್ಟಿನ ಹಾಗೆ ದಾಟಿಸಿಕೊಂಡರು. ಚಪ್ಪಾಳೆಯ ಬದಲು ಬೆರಳು ಮಾತ್ರ ಅಲ್ಲಾಡಿಸಿದರು. ನನಗೆ ನಗು ಒತ್ತಿಕೊಂಡು ಬಂದು ಭುಜ ಕುಲುಕುತ್ತಿತ್ತು. ಕುಲುಕಿದರೆ ಅವಳು ಏಳುತ್ತಾಳೆಂದು ಉಸಿರು ಬಿಗಿಹಿಡಿದೆ. ಇಷ್ಟು ವಯಸ್ಸಾದರೂ, ಅಸೆಂಬ್ಲಿಯಲ್ಲಿ ನಗು ತಡೆದುಕೊಳ್ಳುವ ಹುಡುಗಿಯ ಹೊಟ್ಟೆನೋವು ಹಾಗೇ ಉಳಿದಿತ್ತು.

ಮಧ್ಯಾಹ್ನ ಮನೆಗೆ ಬಂದೆವು. ಅಡುಗೆಮನೆಯಲ್ಲಿ ಗಲಾಟೆ. ತೊಳೆದ ಬಿಳಿ ಕೂದಲನ್ನು ಬಿಗಿಯಾಗಿ ಜಡೆ ಹಾಕಿಸಿಕೊಂಡ ದೊಡ್ಡ ದೊರೆಸಾನಿ ವೀಲ್‌ಚೇರನ್ನು ಒಲೆಯ ಪಕ್ಕಕ್ಕೆ ತಳ್ಳಿಸಿಕೊಂಡು, ಬೇಯಿಸಿದ ಆಲೂಗಡ್ಡೆಯನ್ನು ಸೌಟಿನಿಂದ ಮಸೆಯುತ್ತಿದ್ದಳು. ಮೇಸ್ತ್ರಿ ಕೈಕಟ್ಟಿ ನಿಂತಿದ್ದಳು.

"ಏನೇ ಇದು? ಅವರ ಕೈಲಿ ಅಡುಗೆ ಮಾಡಿಸ್ತಿದ್ದೀಯಾ?"

"ಮತ್ತೆ? ಮುಯ್ಯಾಳಿಗೆ ಮಧ್ಯಾಹ್ನದ ಊಟ ಯಾರು ಹಾಕ್ಬೇಕು? ದುಡಿಸ್ಕೊಂಡೋರು. ಊಟ ಹಾಕ್ದೆ ಇದ್ರೆ ದಿನ ಪೂರ್ತಿ ಆಗಲ್ಲ ಟೀಚರಮ್ಮಾ. ಕೈ ಬಾಯಿ ಸನ್ನೆ ಮಾಡಿ ತೋರಿಸ್ದೆ. ಅರ್ಥ ಆಗ್ಬಿಡ್ತು ಆಯಮ್ಮಂಗೆ."

ದೊಡ್ಡ ದೊರೆಸಾನಿ ಬೆಣ್ಣೆಯ ಗಡ್ಡೆಯೊಂದನ್ನು ಕಲಸಿ, ತಟ್ಟೆಗೆ ಗುಡ್ಡೆ ಹಾಕಿ, ನಡುಗುವ ಎರಡೂ ಕೈಯಲ್ಲಿ ಹಿಡಿದು ನೀಡಿದಳು. ಮೇಸ್ತ್ರಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಒಂದು ತುತ್ತು ಬಾಯಿಗಿಟ್ಟಳು. ಅವಳ ಹುಬ್ಬು ಮೇಲೆ ಹೋಯಿತು. ಕಣ್ಣು ಉಪ್ಪಿನಕಾಯಿಯ ಜಾಡಿಯ ಕಡೆ ಹೊರಳಿತು. ನಾನು ಜಾಡಿಗೆ ಕೈ ಹಾಕಿದೆ. ಅವಳು ತಲೆ ಅಲ್ಲಾಡಿಸಿ ಬೇಡವೆಂದಳು. ಹಾಕಿದವರ ಊಟವನ್ನು ಹಾಕಿದ ಹಾಗೆಯೇ ಉಣ್ಣಬೇಕಂತೆ. ಖಾರವಿಲ್ಲದ, ಒಗ್ಗರಣೆಯಿಲ್ಲದ ಆ ಬಿಳಿ ಗುಡ್ಡೆಯನ್ನು ತುತ್ತು ತುತ್ತಾಗಿ, ತಟ್ಟೆ ಕನ್ನಡಿಯಾಗುವ ತನಕ ಉಂಡಳು. ದೊಡ್ಡ ದೊರೆಸಾನಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಸಂಜೆ ಕಾಲಿಗೆ ಎಣ್ಣೆ ತಿಕ್ಕಿ, ಹಾಸಿಗೆ ಹಾಸಿ, ಟವೆಲು 'ಪಟ್' ಎಂದು ಒದರಿ ಹೆಗಲಿಗೆ ಹಾಕಿಕೊಂಡು ಮೇಸ್ತ್ರಿ ಅಂಗಳಕ್ಕೆ ಬಂದಳು. ಅಲ್ಲಿ ಗುಂಪಿನ ಹೆಂಗಸರು ಬಸ್ಸಿಗೆ ಹೊರಟು ಅವಳಿಗಾಗಿ ಕಾಯುತ್ತಿದ್ದರು. ಮಳೆಗಾಲದಿಂದ ಅವರ ಮುಂದೆ ಹಿಂಗಿಹೋಗಿದ್ದ ದನಿ ಪೂರ್ತಿಯಾಗಿ ವಾಪಸು ಬಂದಿತ್ತು.

"ಲೇ! ಹೋದ್ವಾರ ಸರದಿ ತಪ್ಪಿಸ್ದೋಳು ಯಾರೇ? ಮುಂದಕ್ಕೆ ಬಾ. ನಾಳೆ ನಮ್ಮತ್ತೇನ ನೋಡ್ಕೊಳ್ಳಕ್ಕೆ ನೀನೇ. ಅವ್ಳು ಬೈದ್ರೆ ಬೈಸ್ಕೋ."

ಯಾರೂ ಕಿಸಕ್ಕೆನ್ನಲಿಲ್ಲ. ತಪ್ಪಿಸಿದವಳು, "ಆಯ್ತು ಕಣಕ್ಕಾ" ಎಂದು ಮುಂದೆ ಬಂದಳು.